ಏಳರಲ್ಲಿ ಉಳಿದ ಮೂರು

"ಆ ಕಾಗದ ನಿಮ್ಮ ಹತ್ರ ಇದ್ಯಾ, ನಿಶ್ಚಿತಾ?"

ಪ್ರದ್ಯುಮ್ನ ಫೋನಿನಲ್ಲಿ ಹೀಗೆ ಕೇಳಿದಾಗ ನಿಶ್ಚಿತಾ ಹಾಸ್ಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಷೀನಿನ ಮುಂದೆ ನಿಂತಿದ್ದಳು. ಮಷೀನು ಗಡಗಡ ಎನ್ನುತ್ತಿತ್ತು. ಅದರ ಸದ್ದಿಗೆ ಕೇಳಿಸಲಿಲ್ಲವೆಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಯಾವ ಕಾಗದ?" ಎಂದಳು. ಯಾವುದೆಂದು ಗೊತ್ತಿತ್ತು.

"ಅದೇ, ಪಿಚ್ಚಿನ ಮ್ಯಾಟ್ ಬಂದಾಗ ಲಾರಿಯವ್ನು ಸೈನ್ ಹಾಕಿಸ್ಕೊಂಡನಲ್ಲ, ಆ ಡೆಲಿವರಿ ಚೀಟಿ, ಲೀಫರ್‌ಶೈನ್. ಮ್ಯಾಟ್ ನಮ್ಮ ಸಂಘದ ಹೆಸ್ರಲ್ಲೇ ಬಂದಿದ್ದು ಅಂತ ಇಲ್ಲಿ ಎಲ್ರಿಗೂ ಗೊತ್ತು. ಆದ್ರೆ ತೋರ್ಸೋಕೆ ಒಂದು ಚೂರೂ ಇಲ್ಲ. ನಮ್ಮ ಕಾಪಿ ಫ್ಲ್ಯಾಟ್ ಶಿಫ್ಟ್ ಮಾಡೋವಾಗ ಎಲ್ಲೋ ಹೋಯ್ತು. ಕಮಿಟೀಲಿ ಏನ್ ಡಿಸೈಡ್ ಆಗಿದೆ ಅಂದ್ರೆ, ಕಾಗದ ಸಿಕ್ರೆ ಶನಿವಾರ ವ್ಯಾನ್ ತಂದು ತಗೊಂಡ್ಹೋಗೋದು. ಸಿಗ್ಲಿಲ್ಲ ಅಂದ್ರೆ ಅಲ್ಲೇ ಬಿಡೋದು. ನಮ್‌ನಮ್ಮಲ್ಲಿ ಜಗಳ ಬೇಡ ಅಂತ."

"ನೋಡಿ ಹೇಳ್ತೀನಿ."

"ಶುಕ್ರವಾರದೊಳಗೆ ಒಂದು ಮೆಸೇಜ್ ಹಾಕಿ, ಸಾಕು. ನೀವು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ನೀವು ಹೇಳಿದ್ಮೇಲೆ ಇಲ್ಲಿ ಯಾರೂ ಎರಡನೇ ಸಲ ಕೇಳಲ್ಲ."

ನೋಡುವುದಕ್ಕೆ ಏನೂ ಇರಲಿಲ್ಲ. ಕಾಗದ ಮೂರನೆಯ ಮಹಡಿಯ ಅವಳ ಕೋಣೆಯಲ್ಲಿ, ಸ್ಕೋರ್ ಪುಸ್ತಕಗಳ ಪಕ್ಕದ ನೀಲಿ ಫೈಲಿನಲ್ಲಿ ಇಟ್ಟಲ್ಲೇ ಇತ್ತು. ಬಸ್ ಪಾಸಿನ ರಸೀದಿಯನ್ನೂ ಎಸೆಯದವಳು ಅದನ್ನು ಎಸೆದಾಳೆಯೆ?

ಎರಡು ವರ್ಷದ ಹಿಂದೆ, ಅವಳು ಎಂ.ಎಸ್. ಮಾಡಲು ಆಖೆನ್‌ಗೆ ಬಂದ ವರ್ಷವೇ, ಏಳು ಜರ್ಮನ್ ಊರುಗಳ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತದ ಹುಡುಗರು ಸೇರಿ ಒಂದು ಕ್ರಿಕೆಟ್ ಲೀಗ್ ಕಟ್ಟಿಕೊಂಡಿದ್ದರು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರಗಳಂದು ಆಟ. ನಾಲ್ಕು ದೊಡ್ಡ ಊರು, ಮೂರು ಸಣ್ಣ ಊರು. ಆಖೆನ್ ಸಣ್ಣದರಲ್ಲಿ ದೊಡ್ಡದು. ಈ ಜೂನ್‌ನಲ್ಲಿ ಎಷ್‌ಬಾರ್ನ್‌ನಿಂದ ಒಂದು ಇ-ಮೇಲ್ ಬಂತು. ಕಂಪ್ಯೂಟರ್ ಕೆಲಸದವರಿಗೆ ಇಲ್ಲಿ ಕೊಡುವ ಗ್ರೀನ್ ಕಾರ್ಡ್ ಸಿಕ್ಕಿ ಅಲ್ಲಿ ಕೆಲಸಕ್ಕೆ ಸೇರಿದವರು ಒಂದು ಕಂಪನಿಯನ್ನು ಹಣ ಹಾಕಲು ಒಪ್ಪಿಸಿ ಹೊಸ ಲೀಗ್ ಮಾಡುತ್ತಿದ್ದರು. ಬಣ್ಣದ ಜೆರ್ಸಿ, ವೆಬ್‌ಸೈಟ್, ಕಪ್. ನಾಲ್ಕು ದೊಡ್ಡ ಊರುಗಳ ತಂಡಗಳು ಅತ್ತ ಹೋಗುತ್ತವೆ, "ಉಳಿದ ಮಿತ್ರರಿಗೆ ಶುಭವಾಗಲಿ." ಈ ಸಾಲನ್ನು ಬರೆದವನು ಪ್ರದ್ಯುಮ್ನ. ಅವನೂ ಹಿಂದೊಮ್ಮೆ ಆಖೆನ್‌ನಲ್ಲೇ ಓದಿದವನು, ಇದೇ ಮೈದಾನದಲ್ಲಿ ಕ್ಯಾಚು ಬಿಟ್ಟು ಬೈಸಿಕೊಂಡವನು.

ಅದಾದ ಮೇಲೆ ಆಖೆನ್‌ನ ಮೂವರು ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಅತ್ತ ಸರಿದರು. ಮಿಕ್ಕ ಎರಡು ಸಣ್ಣ ಊರಿನವರು ಮಾತ್ರ, ಆಡೋಣ, ಆದರೆ ನಿಮ್ಮಲ್ಲೇ ಆಡೋಣ, ಎಂದು ಹೇಳಿ ಕಳಿಸಿದ್ದರು. ಅವರ ಊರುಗಳಲ್ಲಿ ಇದ್ದದ್ದು ಫುಟ್‌ಬಾಲಿನ ಮೆತ್ತನೆಯ ಹುಲ್ಲು; ಚೆಂಡು ಏಳುವುದೇ ಇಲ್ಲ. ಆಖೆನ್‌ನಲ್ಲಿ ತೆಂಗಿನ ನಾರಿನ ಮ್ಯಾಟ್ ಇತ್ತು.

ನಿಶ್ಚಿತಾ ಆ ತಂಡದ ಸ್ಕೋರರ್. ಯಾರೂ ನೇಮಿಸಿದ್ದಲ್ಲ. ಮೊದಲ ವರ್ಷ ಒಂದು ಶನಿವಾರ ಸುಮ್ಮನೆ ನೋಡಲು ಹೋಗಿ ಕುಳಿತವಳ ಕೈಗೆ ಯಾರೋ ಪುಸ್ತಕ ಕೊಟ್ಟು, "ಸ್ವಲ್ಪ ಹಿಡ್ಕೊಂಡಿರಿ" ಎಂದು ಬ್ಯಾಟಿಂಗಿಗೆ ಹೋಗಿದ್ದರು. ಮತ್ತೆ ವಾಪಸು ಕೇಳಲಿಲ್ಲ. ವಾರವೆಲ್ಲ ಲ್ಯಾಬಿನಲ್ಲಿ ಅವಳು ಆಡುತ್ತಿದ್ದ ಮಾತು ಬೆರಳೆಣಿಕೆಯಷ್ಟು. ಅಡುಗೆಮನೆ ಹಂಚಿಕೊಂಡಿದ್ದ ಚೀನಾದ ಹುಡುಗಿಯೊಡನೆ ನಗು ಮಾತ್ರ. ಶನಿವಾರ ಮೈದಾನದ ಅಂಚಿನ ಮೇಜಿಗೆ ಕುಳಿತರೆ ಎಲ್ಲರೂ ಅವಳ ಹತ್ತಿರ ಬರುತ್ತಿದ್ದರು. ಎಷ್ಟಾಯ್ತು? ನೂರ ಹನ್ನೆರಡು. ಎಷ್ಟು ಓವರ್ ಇದೆ? ನಾಲ್ಕು. ನಂದೆಷ್ಟು? ಹದಿನೇಳು. ಯಾರೋ ಒಂದು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಇಷ್ಟೇ. ಇಷ್ಟು ಸಾಕಾಗಿ, ಭಾನುವಾರ ಸಂಜೆಯವರೆಗೂ ಅವಳ ಎದೆ ಹಗುರವಾಗಿರುತ್ತಿತ್ತು. ಮ್ಯಾಟ್ ಹೋದರೆ ಆ ಎರಡು ಊರಿನವರು ಬರುವುದಿಲ್ಲ. ಅವರು ಬರದಿದ್ದರೆ ಶನಿವಾರ ಇಲ್ಲ.

ಗುರುವಾರ ಮಧ್ಯಾಹ್ನ ಮೆನ್ಸಾದಲ್ಲಿ, ವಿದ್ಯಾರ್ಥಿಗಳು ಊಟ ಮಾಡುವ ಆ ದೊಡ್ಡ ಹಾಲಿನಲ್ಲಿ, ಕ್ಯಾಪ್ಟನ್ ಯತಿರಾಜ್ ತಟ್ಟೆ ಹಿಡಿದು ಎದುರಿಗೆ ಬಂದು ಕುಳಿತ. ಮಂಡ್ಯದವನು. ಆಲೂಗಡ್ಡೆಯ ಮೇಲೆ ಮನೆಯಿಂದ ತಂದ ಚಟ್ನಿಪುಡಿ ಸುರಿದುಕೊಂಡ.

"ಪ್ರದ್ಯುಮ್ನ ಫೋನ್ ಮಾಡಿದ್ನಂತೆ?"

"ಹೂಂ."

"ಕಾಗದ ಐತಾ?"

ಅವಳು ಸುಮ್ಮನಿದ್ದಳು.

"ಐತೆ ಅಂತಾಯ್ತು. ನೀನು ಸುಮ್ನಿದ್ರೆ ಐತೆ ಅಂತ್ಲೇ ಅರ್ಥ," ಅವನು ಚಮಚ ಕೆಳಗಿಟ್ಟ. "ನೋಡು, ಇಲ್ಲ ಅಂದ್ಬುಡು. ಮುಗೀತು. ಅವ್ರಿಗೇನು, ಇನ್ನೊಂದು ತರಿಸ್ಕಂತಾರೆ. ಕಂಪನಿ ಐತೆ ಬೆನ್ನಿಗೆ."

"ಅದರಲ್ಲಿ ನನ್ನ ಸೈನ್ ಇದೆ."

"ಹರಿದಾಕು. ಸೈನೂ ಹೋಯ್ತದೆ."

ಅವಳು ನಗಲಿಲ್ಲ. ಅವನು ಆಲೂಗಡ್ಡೆಯನ್ನು ಹಿಸುಕಿದ. ಆಮೇಲೆ ತಲೆ ಎತ್ತದೆ, "ಮೂರು ಜನಾನ ಕರುದ್ರು. ನನ್ನ ಕರೀಲಿಲ್ಲ. ಕ್ಯಾಪ್ಟನ್ ನಾನು. ಗೊತ್ತಾ ನಿಂಗೆ?" ಎಂದ. ಅವಳಿಗೆ ಗೊತ್ತಿತ್ತು. ಅವನ ಎರಡು ವರ್ಷದ ಸರಾಸರಿಯೂ ಗೊತ್ತಿತ್ತು, ಯಾಕೆ ಕರೆಯಲಿಲ್ಲವೆಂಬುದೂ ಗೊತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂದು ಸಂಜೆ ಅವಳು ದ್ವಾರಕನಾಥರ ಮನೆಗೆ ಹೋದಳು. ಅವರು ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷದಿಂದ ಇರುವ ವಿಜ್ಞಾನಿ. ಆಟದ ಹುಡುಗರಿಗೆಲ್ಲ ಅಂಕಲ್. ಮ್ಯಾಟ್ ಅವರು ಕೊಟ್ಟದ್ದು. ತಿಪಟೂರಿನಲ್ಲಿ ನೇಯಿಸಿ ಹಡಗಿಗೆ ಹಾಕಿಸಿದ್ದರು. ಹ್ಯಾಂಬರ್ಗ್ ಬಂದರಿನವರು, ಇಂಥ ಸಾಮಾನು ಬಿಡಿಸಿಕೊಳ್ಳಲು ಫೆರೈನ್, ಅಂದರೆ ನೋಂದಾಯಿಸಿದ ಸಂಘ ಇದ್ದರೆ ಸಲೀಸು ಎಂದರು. ಆಖೆನ್‌ನಲ್ಲಿ ಸಂಘ ಮಾಡಲು ಏಳು ಜನರ ಸಹಿ ಬೇಕಿತ್ತು. ಪರೀಕ್ಷೆಯ ದಿನಗಳು, ಒಬ್ಬ ಸಿಕ್ಕರೆ ಇನ್ನೊಬ್ಬ ಸಿಗುತ್ತಿರಲಿಲ್ಲ. ಪ್ರದ್ಯುಮ್ನ ಆಗಷ್ಟೇ ಎಷ್‌ಬಾರ್ನ್‌ನಲ್ಲಿ ಒಂದು ಫೆರೈನ್ ಮಾಡಿದ್ದ. "ಅವನ ಹೆಸರಿಗೇ ಬರಲಿ ಬಿಡ್ರಯ್ಯ, ನಮ್‌ನಮ್ಮಲ್ಲೇನು" ಎಂದಿದ್ದವರು ಇವರೇ. ಲಾರಿ ಮೈದಾನಕ್ಕೆ ಬಂದ ದಿನ ಅಲ್ಲಿದ್ದವಳು ನಿಶ್ಚಿತಾ ಒಬ್ಬಳೇ. ಚಾಲಕ ಬೆರಳಿಟ್ಟು ತೋರಿಸಿದ ಕಡೆ, ಆ ಫೆರೈನಿನ ಪರವಾಗಿ, ಅವಳೇ ಸಹಿ ಹಾಕಿದ್ದಳು.

ದ್ವಾರಕನಾಥರು ಬಾಲ್ಕನಿಯಲ್ಲಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ಅವರ ಹೆಂಡತಿ ಪ್ರೇಮಕುಮಾರಿ ಕಾಫಿ ತಂದಿಟ್ಟು, "ತೀರಾ ಇಳಿದುಹೋಗಿದೀಯಲ್ಲೇ, ಊಟ ಮಾಡ್ತೀಯೋ ಇಲ್ವೋ?" ಎಂದು ಉತ್ತರಕ್ಕೆ ಕಾಯದೆ ಒಳಗೆ ಹೋದರು.

"ಅಂಕಲ್, ಆ ಕಾಗದ ನನ್ನ ಹತ್ರ ಇದೆ."

"ಇರುತ್ತೆ ಅಂದ್ಕೊಂಡೆ," ಎಂದರು. ದಾರದ ಗಂಟು ಬಿಗಿದರು. "ನಾನು ಲೀಗ್‌ಗೆ ಅಂತ ತರಿಸಿದ್ದು ಕಣಮ್ಮಾ. ಲೀಗ್ ಎರಡಾಗುತ್ತೆ ಅಂತ ಯಾರು ಅಂದ್ಕೊಂಡಿದ್ರು?"

"ಈಗ ಏನ್ ಮಾಡ್ಲಿ?"

"ಅದೊಂದು ಕೇಳ್ಬೇಡ. ಬಚ್ಚಿಡು ಅಂದ್ರೆ ನನ್ನ ತಪ್ಪು ಮುಚ್ಚೋಕೆ ಹೇಳ್ದ ಹಾಗಾಗುತ್ತೆ. ಕೊಡು ಅಂದ್ರೆ, ಆ ಹುಡುಗರ ಮುಖ ನೋಡೋಕೆ ನನ್ನ ಕೈಲಾಗಲ್ಲ." ಕಾಫಿಯ ಲೋಟ ಅವಳ ಕಡೆಗೆ ಸರಿಸಿದರು. "ಆರಿಹೋಗುತ್ತೆ, ಕುಡಿ."

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಅವಳು ಫೋನಿನಲ್ಲಿ 'ಸಿಗಲಿಲ್ಲ' ಎಂದು ಬರೆದಳು. ಅದನ್ನು ನೋಡುತ್ತಲೇ ಎರಡು ಸ್ಟಾಪು ಕಳೆಯಿತು. ಮ್ಯಾಟ್ ಉಳಿಯುತ್ತದೆ. ಶನಿವಾರಗಳು ಉಳಿಯುತ್ತವೆ. ತಾನು ಅದರ ಪಕ್ಕ ಮೇಜು ಹಾಕಿಕೊಂಡು ಕುಳಿತು, ಆದದ್ದನ್ನು ಆದಂತೆ ಬರೆಯುತ್ತಿರಬೇಕು. ಯಾರಾದರೂ ಬಂದು ಎಷ್ಟಾಯ್ತು ಎಂದರೆ ಹೇಳಬೇಕು, ಅವರು ನಂಬಬೇಕು. ತನ್ನ ಪುಸ್ತಕದಲ್ಲಿ ಆಗದೆ ಇದ್ದ ಒಂದು ರನ್ನನ್ನೂ ಅವಳು ಈವರೆಗೆ ಬರೆದಿರಲಿಲ್ಲ. ಲ್ಯಾಬಿನ ಸ್ಟಾಪು ಬಂದು ಬಾಗಿಲು ತೆರೆದುಕೊಂಡಿತು. ಅವಳು ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಅಳಿಸಿ, 'ಇದೆ' ಎಂದು ಬರೆದು ಕಳಿಸಿ, ಒಂದು ಮೈಲಿ ಹಿಂದಕ್ಕೆ ನಡೆದಳು.

ಶನಿವಾರ ಹತ್ತು ಗಂಟೆಗೆಲ್ಲ ಬೆಟ್ಟದ ಕಡೆಯ ಸಣ್ಣ ಊರಿನ ತಂಡ ಬಂದಿಳಿಯಿತು. ಅವರು ಯಾವಾಗಲೂ ಹತ್ತೇ ಜನ. ವಾರಾಂತ್ಯದ ರೈಲಿನ ಒಂದು ಟಿಕೆಟ್‌ಗೆ ಐದು ಜನ ಬರಬಹುದು. ಹನ್ನೊಂದನೆಯವನಿಗಾಗಿ ಮೂರನೆಯ ಟಿಕೆಟ್ ತೆಗೆಯುವ ರೂಢಿ ಆ ತಂಡದಲ್ಲಿರಲಿಲ್ಲ. ಅವರ ಕ್ಯಾಪ್ಟನ್ ಶಿವಪ್ಪ ಹುಬ್ಬಳ್ಳಿಯವನು, ಪಿಎಚ್.ಡಿ. ಮಾಡುತ್ತಿದ್ದ. ಅವರ ಹಿಂದೆಯೇ ಬಿಳಿಯ ವ್ಯಾನು ಬಂತು. ಪ್ರದ್ಯುಮ್ನ ಇಳಿದ, ಜೊತೆಗೆ ಸಹೋದ್ಯೋಗಿಯೊಬ್ಬ.

ನಿಶ್ಚಿತಾ ಫೈಲಿನಿಂದ ಕಾಗದ ತೆಗೆದು ಕೊಟ್ಟಳು. ಪ್ರದ್ಯುಮ್ನ ಅದನ್ನು ಸರಿಯಾಗಿ ಓದಲೂ ಇಲ್ಲ. ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ.

"ಕೊಟ್ಬುಟ್ಯಾ?" ಎಂದ ಯತಿರಾಜ್. ಅಷ್ಟೇ ಹೇಳಿ, ಬೆನ್ನು ತಿರುಗಿಸಿ ಹೋಗಿ ಮರದ ಕೆಳಗೆ ಕುಳಿತ.

ಬಂದ ಇಬ್ಬರಿಗೆ ಅಂದಾಜೇ ಇರಲಿಲ್ಲ. ಮ್ಯಾಟ್ ಅರವತ್ತಾರು ಅಡಿ ಉದ್ದ. ಏಪ್ರಿಲ್‌ನಲ್ಲಿ ಹಾಸಿದ್ದು, ಮೂರು ತಿಂಗಳು ಎತ್ತಿರಲಿಲ್ಲ. ಅಂಚಿನುದ್ದಕ್ಕೂ ಬಡಿದಿದ್ದ ಕಬ್ಬಿಣದ ಗೂಟಗಳು ಮಣ್ಣಿಗೆ ಕಚ್ಚಿಕೊಂಡಿದ್ದವು. ಸಹೋದ್ಯೋಗಿ ಒಂದು ಗೂಟ ಕೀಳುವಷ್ಟರಲ್ಲಿ ಬೆವತುಹೋದ. ಶಿವಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವನು ನಕ್ಕ.

"ಹಿಂಗ ಕಿತ್ತರ ನೀವು ದೀಪಾವಳಿಗಿ ಎಷ್‌ಬಾರ್ನ್ ಮುಟ್ಟತೀರಿ ನೋಡ್ರಿ. ಬರ್ರಿಲೇ ಎಲ್ಲಾರೂ, ಕೈ ಹಚ್ಚರಿ. ಲಗೂನ ಮುಗಿಸಿ ಕಳಸೂಣು ಇವರನ್ನ."

ಹತ್ತು ಜನ ಮಂಡಿಯೂರಿದರು. ಸ್ವಲ್ಪ ಹೊತ್ತಿಗೆ ಆಖೆನ್‌ನ ಎಂಟು ಜನರಲ್ಲಿ ಯತಿರಾಜ್ ಬಿಟ್ಟು ಏಳೂ ಜನ ಒಬ್ಬೊಬ್ಬರಾಗಿ ಬಂದರು. ತಮ್ಮ ಮ್ಯಾಟನ್ನು ತಾವೇ ಕಿತ್ತು, ತಾವೇ ಸುತ್ತಿ, ಹೆಗಲಿಗೆ ಹೆಗಲು ಕೊಟ್ಟು ಎತ್ತಿ ವ್ಯಾನಿಗೆ ತುರುಕಿದರು. ಕೊನೆಗೆ ಯತಿರಾಜ್ ಎದ್ದು ಬಂದು, ಹೊರಗೆ ಚಾಚಿಕೊಂಡಿದ್ದ ತುದಿಯನ್ನು ಕಾಲಲ್ಲಿ ಒತ್ತಿ ಬಾಗಿಲು ಹಾಕಿದ.

"ಥ್ಯಾಂಕ್ಸ್ ಮಗಾ," ಎಂದ ಪ್ರದ್ಯುಮ್ನ.

"ಹುಷಾರಾಗಿ ಓಡ್ಸು. ಭಾರ ಐತೆ," ಎಂದ ಯತಿರಾಜ್, ಅವನ ಮುಖ ನೋಡದೆ.

ಪ್ರದ್ಯುಮ್ನ ಮೇಜಿನ ಹತ್ತಿರ ಬಂದ. "ನಿಶ್ಚಿತಾ, ನಮ್ಮಲ್ಲಿ ಸ್ಕೋರರ್ ಇಲ್ಲ. ಈಗ ಲ್ಯಾಪ್‌ಟಾಪಲ್ಲೇ ಸ್ಕೋರಿಂಗ್. ನೀವು ಬಂದ್ರೆ ಚೆನ್ನಾಗಿರುತ್ತೆ. ಶನಿವಾರ ಟ್ರೇನ್ ಟಿಕೆಟ್ ನಾವೇ ಕೊಡ್ತೀವಿ."

ಅವಳು ವ್ಯಾನಿನ ಕಡೆ ನೋಡಿದಳು. ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕರೆಯುತ್ತಿದ್ದ. ಬೇಡವೆಂದರೆ ಬಹುಶಃ ಅವಳಿಗೆ ಎಲ್ಲೂ ಶನಿವಾರ ಉಳಿಯುವುದಿಲ್ಲ.

"ಇವತ್ತು ಇಲ್ಲಿ ಮ್ಯಾಚ್ ಇದೆ," ಎಂದಳು.

"ಇವತ್ತಾ?" ಅವನು ಮೈದಾನದ ಕಡೆ ತಿರುಗಿ ನೋಡಿದ. ತಲೆಯಾಡಿಸಿ, ವ್ಯಾನು ಹತ್ತಿದ.

ವ್ಯಾನು ಗೇಟು ದಾಟಿತು. ಯತಿರಾಜ್ ಬ್ಯಾಟುಗಳನ್ನು ಚೀಲಕ್ಕೆ ತುಂಬತೊಡಗಿದ.

"ಏ ಯತಿ, ಏನ್ ಮಾಡಾಕತ್ತೀಯೋ ಮಾರಾಯಾ?" ಎಂದ ಶಿವಪ್ಪ.

"ಎಲ್ಲಿ ಆಡೋದು ಗುರು? ಹುಲ್ಲು ಮ್ಯಾಲಾ?"

"ಮತ್ತೇನ್ ಆಕಾಶದ ಮ್ಯಾಲ ಆಡ್ತೀ? ಎರಡು ಟಿಕೀಟಿನಾಗ ಹತ್ತು ಮಂದಿ ಒಬ್ಬರ ಮ್ಯಾಲೊಬ್ಬರು ಕುಂತು ಬಂದೀವಿ. ಮೂರು ಸಲ ಗಾಡಿ ಬದಲಿ ಮಾಡೀವಿ. ಮುಂದಿನ ಸರ್ತಿ ಬರ್ತೀವೋ ಇಲ್ಲೋ, ಅದು ಬ್ಯಾರೆ ಮಾತು. ಇವತ್ತಂತೂ ಬಂದೀವಿ." ಮೇಜಿನ ಕಡೆ ತಿರುಗಿದ. "ಏನ್ರೀ ಅಕ್ಕಾರ, ಪುಸ್ತಕ ತಗೀರಿ. ನಮ್ಮ ಹೆಸರು ಬರಕೋರಿ. ಮೊದಲ ಬ್ಯಾಟಿಂಗ್ ನಮ್ಮದು."

"ಟಾಸ್ ಆಗಿಲ್ವಲ್ಲ," ಎಂದಳು ನಿಶ್ಚಿತಾ.

"ಹತ್ತ ಮಂದಿ ಅದೀವ್ರಿ, ಗೂಟಾನೂ ಕಿತ್ತೀವಿ. ಅಷ್ಟರೇ ಬಿಟ್ಟಕೊಡ್ರಿ!"

ಯಾರೋ ನಕ್ಕರು. ಯತಿರಾಜ್‌ಗೂ ತುಟಿಯಂಚು ಸಡಿಲವಾಯಿತು. ಅವನು ಚೀಲದಿಂದ ಸ್ಟಂಪುಗಳನ್ನು ಮಾತ್ರ ಮತ್ತೆ ಎಳೆದುಕೊಂಡು ಮೈದಾನದ ಮಧ್ಯಕ್ಕೆ ನಡೆದ. ದ್ವಾರಕನಾಥರು ಅಂಪೈರ್ ಕೋಟು ತೊಟ್ಟು ಆಗಷ್ಟೇ ಬಂದರು. ಬರಿದಾದ ಜಾಗ ನೋಡಿದರು, ನಿಶ್ಚಿತಾಳನ್ನು ನೋಡಿದರು, ತಮ್ಮ ಜಾಗಕ್ಕೆ ಹೋಗಿ ನಿಂತರು.

ಹಸಿರು ಮೈದಾನದ ನಡುವೆ ಮ್ಯಾಟ್ ಇದ್ದಲ್ಲಿ ಹುಲ್ಲು ಬೆಳಕು ಕಾಣದೆ ಬೆಣ್ಣೆಯ ಬಣ್ಣಕ್ಕೆ ತಿರುಗಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಎರಡೂ ಕಡೆ ಗೂಟದ ತೂತುಗಳ ಸಾಲು. ಅಳತೆ ಮಾಡುವ ಕೆಲಸವೇ ಇರಲಿಲ್ಲ. ಯತಿರಾಜ್ ಆ ಬಿಳಿಚಿದ ಪಟ್ಟಿಯ ಎರಡು ತುದಿಗೂ ಸ್ಟಂಪು ನೆಟ್ಟು, ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಹದಿನೈದು ಹೆಜ್ಜೆ ಹಿಂದಕ್ಕೆ ಹೋದ. ಶಿವಪ್ಪ ಬ್ಯಾಟು ಊರಿ ಬಾಗಿದ. ನಿಶ್ಚಿತಾ ಹೊಸ ಪುಟ ತೆರೆದು, ಹತ್ತು ಹೆಸರು ಬರೆದು, ಪೆನ್ನು ಎತ್ತಿಕೊಂಡಳು.

ಆಗ ಲಿಂಡನ್ ಮರಗಳ ಕಡೆಯಿಂದ ಹಕ್ಕಿಗಳು ಬಂದವು. ನಮ್ಮ ಗೊರವಂಕದಂಥ, ಮೈಮೇಲೆ ಚುಕ್ಕೆಯಿರುವ ಕಪ್ಪು ಹಕ್ಕಿಗಳು, ಮೂವತ್ತೋ ನಲವತ್ತೋ. ನೇರವಾಗಿ ಆ ಪಟ್ಟಿಯ ಮೇಲೆಯೇ ಇಳಿದು, ಮೂರು ತಿಂಗಳು ಮುಚ್ಚಿಕೊಂಡಿದ್ದ ಮಣ್ಣಿನಲ್ಲಿ ಸರಸರನೆ ಹುಳು ಹೆಕ್ಕತೊಡಗಿದವು. ಓಡಲು ಒಂದು ಕಾಲು ಮುಂದಿಟ್ಟಿದ್ದ ಯತಿರಾಜ್ ನಿಂತ. ಶಿವಪ್ಪ ಬೆನ್ನು ನೆಟ್ಟಗೆ ಮಾಡಿ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಹುಶ್ ಅನ್ನಲಿಲ್ಲ. ಹಕ್ಕಿಗಳು ತಿಂದು ಮುಗಿಸುವುದನ್ನು ಕಾಯುತ್ತ ಎಲ್ಲರೂ ಅವರವರ ಜಾಗದಲ್ಲಿ ನಿಂತಿದ್ದರು.