ಮುಗಿದ ಸಾಲಿನ ಹನ್ನೆರಡು ಮುಖ

"ತಲೆ ಕಡೆಯೋರು ಎತ್ತಿ, ಕಾಲು ಕಡೆಯೋರು ಇಳಿಸಿ. ಇನ್ನೂ ಎತ್ತಿ. ಗೋಡೆಗೆ ತಾಗತ್ತೆ ನೋಡಿ!"

ಮೂರನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಕೆಳಮೆಟ್ಟಿಲಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದವನು ಅಚ್ಚಿನಣ್ಣ. ಗೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಚ್ಚಿಗೆ ಮಣ್ಣು ಸುರಿದು ತಲೆಗಳನ್ನು ತೆಗೆಯುವವನು. ಬಿಗಿಯಾದ ಜಾಗದಿಂದ ಒಂದು ವಸ್ತುವನ್ನು ಮುರಿಯದೆ ಹೊರತರುವುದು ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ತಲೆಯ ಕಡೆ ಹಿಡಿದಿದ್ದ, ಸತ್ತವಳ ಮಗನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ಮಗಳು ಗೋಡೆಗೂ ಪೆಟ್ಟಿಗೆಗೂ ನಡುವೆ ತನ್ನ ಅಂಗೈ ಇಟ್ಟುಕೊಂಡು ಇಳಿಯುತ್ತಿದ್ದಳು. ಎರಡು ಬೆರಳಿನ ಗೆಣ್ಣು ಆಗಲೇ ಸುಲಿದಿತ್ತು.

"ದಿನಾ ಹತ್ತಿ ಇಳಿದ ಮೆಟ್ಟಿಲು," ಎಂದಳು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಬರುತ್ತಿದ್ದ ಚಿಕ್ಕಮ್ಮ. "ನಮ್ಮಕ್ಕ ಒಂದು ದಿನ ಯಾರಿಗೂ ತೊಂದ್ರೆ ಕೊಟ್ಟೋಳಲ್ಲ. ಇವತ್ತು ನೋಡು, ನಾಲ್ಕು ಜನರ ಸೊಂಟ ಮುರೀತಿದ್ದಾಳೆ. ಮುರೀಲಿ ಬಿಡು. ಒಂದು ಸಲನಾದ್ರೂ."

ಬೀದಿಯಲ್ಲಿ ಬಾಡಿಗೆ ಕುರ್ಚಿಗಳಿದ್ದವು, ಕೂರುವವರು ಕಡಿಮೆ. ಕೂದಲು ಕತ್ತರಿಸುವ ವಿಭಾಗದ ನಾಲ್ವರು, ಪ್ಯಾಕಿಂಗಿನ ಇಬ್ಬರು, ಪಕ್ಕದ ಮನೆಯವರು. ಶವದ ವ್ಯಾನು ಇನ್ನೂ ಬಂದಿರಲಿಲ್ಲ. ಅದಕ್ಕಿಂತ ಮೊದಲು ಕಾರ್ಖಾನೆಯ ಯಜಮಾನನ ಕಾರು ಬಂತು. ಅವನ ಜೊತೆ ಬೂದು ಬಟ್ಟೆ ತೊಟ್ಟ ಹೆಂಗಸೊಬ್ಬರು ಇಳಿದರು. ಕಾರ್ಖಾನೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಕಪಾಟಿನ ಮೇಡಂ ಎಂದು. ಮನೆಯ ತುಂಬ ಗಾಜಿನ ಕಪಾಟು, ಕಪಾಟಿನ ತುಂಬ ಈ ಕಾರ್ಖಾನೆಯ ಗೊಂಬೆ.

ಮೇಡಂ ಮಗಳ ಕೈ ಹಿಡಿದುಕೊಂಡರು. "ನೆನ್ನೆ ಸಂಜೆ ಆ ಹನ್ನೆರಡು ಗೊಂಬೆ ನೋಡಿದೆ. ನಿದ್ದೆ ಬರಲಿಲ್ಲ. ಜೀವಮಾನವೆಲ್ಲ ಮುಖ ಬರೆದೋರು, ಕೊನೆಗೆ ಮುಖಾನೇ ಬರೀದೆ ಅವನ್ನ ಮುಗಿದ ಸಾಲಿನಲ್ಲಿ ಇಟ್ಟು ಹೋದ್ರಲ್ಲ! ನಿಮ್ಮ ತಾಯಿ ಮೌನ ಬರೆದು ಹೋದ್ರು."

"ಮೌನವಾ?" ಚಿಕ್ಕಮ್ಮ ಚಪ್ಪಲಿ ಕೆಳಗೆ ಹಾಕಿ ಕಾಲು ತೂರಿಸಿದಳು. "ನಮ್ಮಕ್ಕನಾ? ನಲ್ಲೀಲಿ ನೀರು ಬರದಿದ್ರೆ ಆ ತುದಿ ಮನೆವರೆಗೂ ಕೇಳೋ ಹಾಗೆ ಬೈಯೋಳು, ತಾಯಿ."

ಯಜಮಾನ ಮಗಳನ್ನು ಕಾರಿನ ಆಚೆ ಬದಿಗೆ ಕರೆದ. ಸಾವಿನ ಮನೆಗೆ ತಕ್ಕ ಮುಖ ಮಾಡಿಕೊಂಡಿದ್ದ. ದನಿ ಮಾತ್ರ ಆಫೀಸಿನದು.

"ಸಂಜೆ ಐದಕ್ಕೆ ಮೇಡಂ ಕಾರ್ಖಾನೆಗೆ ಬರ್ತಾರೆ. ಹನ್ನೆರಡನ್ನೂ ಹಾಗೇ ತಗೋತಾರಂತೆ, ಬಣ್ಣ ಹಚ್ಚದೆ. ನೀನು ಬಂದು ಒಂದು ಮಾತು ಹೇಳ್ಬೇಕು ಅಷ್ಟೆ. 'ಹೀಗೇ ಇರ್ಲಿ, ಬಣ್ಣ ಹಚ್ಬೇಡಿ ಅಂತ ಅಮ್ಮ ಹೇಳಿದ್ರು' ಅಂತ. ಅದನ್ನ ಚೀಟೀಲಿ ಅಚ್ಚು ಹಾಕಿಸಿ ಒಂದೊಂದು ಡಬ್ಬೀಲೂ ಇಡ್ತೀನಿ."

"ಅಮ್ಮ ಹಾಗೆ ಹೇಳಿಲ್ಲ ಸಾರ್."

"ಹೇಳಿಲ್ಲ ಅನ್ನೋಕೆ ಅವಳು ಎದ್ದು ಬರ್ತಾಳಾ?" ಎಂದುಬಿಟ್ಟ. ತಾನೇ ಆಡಿದ ಮಾತು ಕಿವಿಗೆ ಬಿದ್ದು ಒಮ್ಮೆ ಕೆಮ್ಮಿದ. "ಅಲ್ಲಮ್ಮ, ಅವಳಿಗೂ ಗೌರವ ತಾನೇ? ಕಿಟಕಿ ಪಕ್ಕದ ಅವಳ ಕುರ್ಚಿ ಖಾಲಿಯಾಗಿದೆ. ಹೊರಗಿನೋರನ್ನ ಕೂರಿಸೋ ಮನಸ್ಸಿಲ್ಲ ನಂಗೆ."

"ಹೇಳದಿದ್ರೆ?"

"ಹೇಳದಿದ್ರೆ ಏನು, ಮಾದರಿ ಇದೆ, ಬಣ್ಣ ಇದೆ. ನಾಳೆ ಬೇರೆ ಯಾರಾದ್ರೂ ಕೂತು ಅವಳು ಬರೀತಿದ್ದ ಹಾಗೇ ಹನ್ನೆರಡು ಮುಖ ಬರೀತಾರೆ. ಆರ್ಡರ್ ಮುಗಿಯತ್ತೆ. ಕುರ್ಚಿಗೂ ಆಳು ಸಿಕ್ಕ ಹಾಗಾಗತ್ತೆ."

ವ್ಯಾನು ಬಂತು. ಅದರ ಹಿಂಬಾಗಿಲು ಸರಿಯಾಗಿ ತೆರೆಯುತ್ತಿರಲಿಲ್ಲ.

*

ಆ ಗೊಂಬೆಗಳು ಮಕ್ಕಳಿಗಲ್ಲ. ಮಕ್ಕಳ ಕೈಗೆ ಸಿಗಬಾರದೆಂದೇ ಮಾಡುವ ಗೊಂಬೆಗಳು. ಪಾದದ ಕೆಳಗೆ ಸಂಖ್ಯೆ ಬರೆಸಿಕೊಂಡು ಡಬ್ಬಿಯಿಂದ ಕಪಾಟಿಗೆ ಹೋಗಿ ನಿಂತರೆ ಮುಗಿಯಿತು. ಒಂದು ಕಂತಿಗೆ ಹನ್ನೆರಡು. ಅಚ್ಚಿನಣ್ಣ ತಲೆ ತೆಗೆಯುತ್ತಾನೆ, ಮಗಳು ಕೂದಲು ಅಂಟಿಸುತ್ತಾಳೆ, ಇನ್ನಾರೋ ಬಟ್ಟೆ ತೊಡಿಸುತ್ತಾರೆ. ಅಂಟು ಸುರಿದು ಕೆಡದಿರಲೆಂದು ಮುಖಕ್ಕೆ ಬಣ್ಣ ಕೊನೆಗೆ. ಅದು ಅಮ್ಮನ ಕೆಲಸ. ಮೂರೇ ಎಳೆಯ ಕುಂಚದಲ್ಲಿ ಅವಳು ಎಳೆಯುತ್ತಿದ್ದ ಕಣ್ರೆಪ್ಪೆ ನೋಡಿ ಎಲ್ಲರೂ ಅವಳನ್ನು ರೆಪ್ಪೆಯಮ್ಮ ಎನ್ನುತ್ತಿದ್ದರು.

ಮೂವತ್ತೊಂದು ವರ್ಷ, ಒಂದೇ ಮುಖ. ಕಿಟಕಿಯ ಪಕ್ಕ ಮೊಳೆಗೆ ಮಾದರಿ ತಲೆಯೊಂದು ತೂಗುತ್ತಿತ್ತು. ಅಗಲ ಬಿಟ್ಟ ಕಣ್ಣು, ಮೇಲೆದ್ದ ಹುಬ್ಬು, ಯಾರೋ ಈಗಷ್ಟೇ ಬಾಗಿಲು ತೆರೆದು ಬಂದರೆಂಬಂತೆ ನಗುವ ತುಟಿ. ಯಾರೂ ಬರುವುದಿಲ್ಲ. ಆದರೂ ಹನ್ನೆರಡೂ ಹಾಗೆಯೇ ನಗಬೇಕು.

ಕಪಾಟಿಗೂ ಒಂದು ಕಟ್ಟಳೆ. ಮುಖ ಬರೆಯದ ಗೊಂಬೆ ಎಡಗಡೆ, ಗೋಡೆಗೆ ಮುಖ ಮಾಡಿ. ಬರೆದದ್ದು ಬಲಗಡೆ, ಹೊರಗೆ ಮುಖ ಮಾಡಿ. ಅದು ಮುಗಿದ ಸಾಲು. ಪ್ಯಾಕಿಂಗಿನವರು ಮುಖ ನೋಡುವುದಿಲ್ಲ, ಆರ್ಡರ್ ಹೊರಡುವ ದಿನ ಸಾಲು ನೋಡಿ ಡಬ್ಬಿಗೆ ಹಾಕುತ್ತಾರೆ.

ಹೋದ ತಿಂಗಳು ಅಮ್ಮ ಕುಂಚ ಒರೆಸಿಟ್ಟು ಯಜಮಾನನ ಮೇಜಿನ ಮುಂದೆ ನಿಂತಿದ್ದಳು. ಬಾಗಿಲ ಬಳಿ ಕೂದಲಿನ ಕಟ್ಟು ಎಣಿಸುತ್ತಿದ್ದ ಮಗಳಿಗೆ ಎಲ್ಲ ಕೇಳಿಸಿತ್ತು.

"ಒಂದು ವಾರ ರಜೆ ಬೇಕಿತ್ತು."

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನಾಗಿಲ್ಲ. ಮಲಗಬೇಕು."

ಯಜಮಾನ ನಕ್ಕ. "ಮಲಗೋಕೆ ಯಾರಾದ್ರೂ ರಜೆ ಹಾಕ್ತಾರಾ ರೆಪ್ಪೆಯಮ್ಮ? ಈ ಹನ್ನೆರಡು ಮುಗಿಸಿ. ಆಮೇಲೆ ಒಂದು ವಾರ ಯಾಕೆ, ಹತ್ತು ದಿನ ಮಲಗಿ. ಎಬ್ಬಿಸೋರು ಯಾರು?"

ಹಿಂದಿನ ಹನ್ನೆರಡಕ್ಕೂ ಅವನು ಇದನ್ನೇ ಹೇಳಿದ್ದ. ಅದರ ಹಿಂದಿನದಕ್ಕೂ.

*

ಗುಂಡಿ ತೋಡಿದವನು ಅಳತೆ ತಪ್ಪಿದ್ದ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮತ್ತೆ ಗೇಣಗಲ ಕಡಿಯಬೇಕಾಯಿತು. ಬಂದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರು. ಕಾರ್ಖಾನೆಯಿಂದ ಬಂದಿದ್ದ ಹೂವಿನ ಚಕ್ರದಲ್ಲಿ ಕಾರ್ಖಾನೆಯ ಹೆಸರು ದೊಡ್ಡದಾಗಿಯೂ ಸತ್ತವಳದು ಅದರ ಬಾಲದಲ್ಲಿಯೂ ಇತ್ತು. ಮಗ ಅದನ್ನೇ ನೋಡುತ್ತ ಹಲ್ಲು ಕಡಿಯುತ್ತಿದ್ದ. ಅವನೂ ಅಲ್ಲೇ ಸಾಮಾನು ಹೇರುವವನು. ಓದು ಬಿಟ್ಟ ವರ್ಷವೇ ಸೇರಿದವನು.

ಮಣ್ಣು ಮುಚ್ಚಿದ ಮೇಲೆ ಮಗಳು ತಮ್ಮನಿಗೆ ಯಜಮಾನನ ಮಾತು ಹೇಳಿದಳು.

"ನಡಿ," ಎಂದ ಅವನು. "ಈಗಲೇ ಹೋಗಿ ಹನ್ನೆರಡನ್ನೂ ಒಡೆದು ಹಾಕ್ತೀನಿ."

"ಒಡೆದ್ರೆ ಅಚ್ಚಿನಣ್ಣನ ಕೈಲಿ ಇನ್ನು ಹನ್ನೆರಡು ಮಾಡಿಸ್ತಾನೆ. ಒಡೆದ ಚೂರನ್ನೂ ಬಿಡಲ್ಲ. 'ರೆಪ್ಪೆಯಮ್ಮನ ಕೋಪ' ಅಂತ ಚೀಟಿ ಅಂಟಿಸಿ ಮಾರ್ತಾನೆ."

"ಮಾಡಿಸೋದು ಹೌದು," ಎಂದ ಅಚ್ಚಿನಣ್ಣ ಕೈಯ ಮಣ್ಣು ಕೊಡವುತ್ತ. "ನಾನು ಮಾಡೋದೂ ಹೌದು. ಸುಳ್ಳು ಯಾಕೆ ಹೇಳ್ಲಿ."

"ಥೂ ನಿನ್ನ!" ಎಂದ ತಮ್ಮ.

"ಉಗಿ ಮಾರಾಯ. ನೀನೂ ಸೋಮವಾರ ಡಬ್ಬಿ ಹೊರೋಕೆ ಬರ್ತೀಯಲ್ಲ, ಆವಾಗ ಇಬ್ರೂ ಸೇರಿ ಉಗಿಯೋಣ."

ಯಾರಿಗೂ ನಗು ಬರಲಿಲ್ಲ. ಮೂವರೂ ಸಮಾಧಿಗಳ ನಡುವಿನ ಸಿಮೆಂಟು ಕಟ್ಟೆಯ ಮೇಲೆ ಕೂತರು.

"ಹಾಗಾದ್ರೆ ನೀನೇ ಬರೀ ಅಕ್ಕ," ಎಂದ ತಮ್ಮ ಸ್ವಲ್ಪ ತಣ್ಣಗಾಗಿ. "ಅಮ್ಮನ ಎದುರು ಒಂಬತ್ತು ವರ್ಷ ಕೂತಿದ್ದೀಯ. ಮಾದರಿ ನೋಡಿ ಮುಖ ಬರೆದು ಎಸೆದು ಬಾ. ಆ ಮೇಡಂಗೆ ಬೋಳು ಮುಖದ ಗೊಂಬೆ ಸಿಗದ ಹಾಗೆ ಮಾಡು."

"ಬರೆದ್ರೆ ಅಮ್ಮ ಬಿಟ್ಟಿದ್ದ ಕೆಲಸ ನಾನು ಮುಗಿಸಿಕೊಟ್ಟ ಹಾಗಾಯ್ತು. ಅವಳು ಜೀವನದಲ್ಲಿ 'ಮಾಡಲ್ಲ' ಅಂದಿದ್ದು ಅದೊಂದೇ."

"ಬಿಟ್ರೆ?"

"ಬಿಟ್ರೆ ಅವಳ ಸುಸ್ತನ್ನ ಗಾಜಿನ ಡಬ್ಬೀಲಿಟ್ಟು ನೋಡ್ತಾರೆ."

*

ರಜೆ ಕೇಳಿದ ಮೇಲೆ ಎಂಟು ದಿನ ಅಮ್ಮ ಆ ಹನ್ನೆರಡರ ಮುಂದೆ ಸುಮ್ಮನೆ ಕೂತಿದ್ದಳು. ಬೆಳಿಗ್ಗೆ ಬಣ್ಣ ಕಲಸುವಳು. ಕುಂಚ ಅದ್ದುವಳು. ಗೊಂಬೆಯ ಗಲ್ಲ ಎಡಗೈಯಲ್ಲಿ ಹಿಡಿಯುವಳು. ಅಷ್ಟೇ. ಸಂಜೆಗೆ ಬಟ್ಟಲಲ್ಲಿ ಬಣ್ಣ ಒಣಗಿ ಬಿರುಕು ಬಿಟ್ಟಿರುತ್ತಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ಎದ್ದಳು. ಎಡಗಡೆಯ ಕಪಾಟಿನಿಂದ ಒಂದೊಂದಾಗಿ ತೆಗೆದು ಬಲಗಡೆಗೆ ಇಟ್ಟಳು, ಹೊರಗೆ ಮುಖ ಮಾಡಿ. ಹನ್ನೆರಡು ಸಲ ಹೋಗಿ ಬಂದಳು. ಎರಡೆರಡು ಹಿಡಿದಿದ್ದರೆ ಬೇಗ ಆಗುತ್ತಿತ್ತು.

"ಅಮ್ಮ, ಅವಿನ್ನೂ ಆಗಿಲ್ಲ," ಎಂದಿದ್ದಳು ಮಗಳು, ಬೆರಳೆಲ್ಲ ಅಂಟು.

"ನಂಗಾಯ್ತು ಕಣೇ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, ಮರೆತದ್ದು ನೆನಪಾದವಳಂತೆ, "ಸಂಜೆ ಬರುವಾಗ ಸೋಪು ತಾ," ಎಂದಳು.

ಅವಳ ಕೊನೆಯ ಇಚ್ಛೆ ಎಂದರೆ ಅದೇ. ಸೋಪು. ಮನೆಗೆ ಹೋಗಿ ಮಲಗಿದವಳು ನಾಲ್ಕನೇ ದಿನಕ್ಕೆ ಏಳಲಿಲ್ಲ. ಡಾಕ್ಟರು ಹೃದಯ ಎಂದು ಬರೆದುಕೊಟ್ಟರು.

*

ಮೂರು ಗಂಟೆಗೆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅಮ್ಮನಿಗಾಗಿ ಅರ್ಧ ದಿನ ರಜೆ ಕೊಟ್ಟಿದ್ದರು. ಅಚ್ಚಿನಣ್ಣ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದ. ಹನ್ನೆರಡು ಗೊಂಬೆ ಬಲಗಡೆಯ ಕಪಾಟಿನಲ್ಲಿ ನಿಂತಿದ್ದವು. ಒಪ್ಪವಾಗಿ ಬಾಚಿದ ಕೂದಲು, ಇಸ್ತ್ರಿ ಮಾಡಿದ ಅಂಗಿ, ಮುಖವಿರಬೇಕಾದಲ್ಲಿ ಸುಟ್ಟ ಮಣ್ಣಿನ ಬಿಳುಪು. ಮೂಗಿನ ಉಬ್ಬು ಬಿಟ್ಟರೆ ಏನಿಲ್ಲ.

ಮಗಳು ಕಿಟಕಿಯ ಕುರ್ಚಿಯಲ್ಲಿ ಕೂತಳು. ಅದು ಅವಳಿಗೆ ತಗ್ಗಾಯಿತು. ಕಪ್ಪು ಬಣ್ಣಕ್ಕೆ ಎರಡು ಹನಿ ಎಣ್ಣೆ ಬಿಟ್ಟು ತೇದಳು. ಮಾದರಿ ತಲೆಯನ್ನು ಮೊಳೆಯಿಂದ ಬಿಚ್ಚಿ ಮೇಜಿನ ಖಾನೆಯೊಳಗೆ ಹಾಕಿದಳು.

"ಮಾದರಿ ಇಲ್ದೆ ಹೇಗೆ ಬರೀತೀಯ?" ಎಂದ ಅಚ್ಚಿನಣ್ಣ. "ಆ ಮಣ್ಣು ಬಣ್ಣ ಹೀರಿಬಿಡತ್ತೆ. ಒಂದು ಗೆರೆ ತಪ್ಪಿದ್ರೆ ಒರೆಸೋಕಾಗಲ್ಲ."

"ಗೊತ್ತು."

ಮೊದಲನೆಯ ಗೊಂಬೆಯ ಗಲ್ಲ ಹಿಡಿದಳು. ಅವಳಿಗೆ ಬೇಕಾಗಿದ್ದ ಗೆರೆ ನಿನ್ನೆ ಮಧ್ಯಾಹ್ನ ಬೆರಳ ತುದಿಗೆ ಸಿಕ್ಕಿತ್ತು, ಅಮ್ಮನ ರೆಪ್ಪೆಗಳನ್ನು ತಾನೇ ಕೆಳಗೆ ಎಳೆದಾಗ. ಮೂಗಿನ ಬುಡದಿಂದ ಹೊರಟು, ಕೆಳಕ್ಕೆ ಜೋತು, ಕಿವಿಯ ಕಡೆಗೆ ಸ್ವಲ್ಪವೇ ಏರುವ ಗೆರೆ. ಅದನ್ನು ಎಳೆದಳು. ಅದರ ಕೆಳಗೆ ಒಂದೊಂದಾಗಿ ರೆಪ್ಪೆ. ಇನ್ನೊಂದು ಕಣ್ಣು. ಹುಬ್ಬಿಲ್ಲ, ತುಟಿಯಿಲ್ಲ, ಕೆನ್ನೆಗೆ ಕೆಂಪಿಲ್ಲ.

ತಮ್ಮ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದ. ಆಮೇಲೆ ಗೊಂಬೆಯನ್ನು ಅವಳ ಕೈಯಿಂದ ಇಸಿದುಕೊಂಡು, ಕಪಾಟಿನ ಹತ್ತಿರ ಹೋಗಿ, ಎಲ್ಲಿಡಬೇಕೆಂದು ತಿಳಿಯದೆ ಎಡಕ್ಕೂ ಬಲಕ್ಕೂ ನೋಡಿದ.

"ನಿಲ್ಲಿಸ್ಬೇಡ," ಎಂದಳು ಅಕ್ಕ. "ಮಲಗ್ಸು."

ಅವನು ಡಬ್ಬಿಯೊಂದನ್ನು ಎಳೆದು, ಕಾಗದದ ಚೂರು ಹರಡಿ, ಗೊಂಬೆಯನ್ನು ಅಂಗಾತ ಮಲಗಿಸಿದ. ಅಚ್ಚಿನಣ್ಣ ಎರಡನೆಯದನ್ನು ಕಪಾಟಿನಿಂದ ತೆಗೆದು ಅವಳ ಕೈಗೆ ಕೊಟ್ಟ. ಏಳನೆಯದರ ಒಂದು ರೆಪ್ಪೆ ಕೆನ್ನೆಯವರೆಗೂ ಜಾರಿತು. ಹಾಗೇ ಬಿಟ್ಟಳು. ಹನ್ನೆರಡನೆಯದು ಮುಗಿದಾಗ ಬೆರಳಿನ ಸುಲಿದ ಗೆಣ್ಣಿಗೆ ಕಪ್ಪು ಇಳಿದು ಉರಿಯುತ್ತಿತ್ತು.

ಐದು ಹೊಡೆಯುವ ಮೊದಲೇ ಯಜಮಾನ ಮೇಡಂ ಅವರನ್ನು ಕರೆದುಕೊಂಡು ಬಂದ. ಖಾಲಿ ಕಪಾಟು ನೋಡಿದ, ಮೇಜಿನ ಮೇಲೆ ಸಾಲಾಗಿದ್ದ ಡಬ್ಬಿಗಳನ್ನು ನೋಡಿದ, ಕಿಟಕಿಯ ಕುರ್ಚಿಯಲ್ಲಿದ್ದವಳನ್ನು ನೋಡಿದ.

"ಓ, ಕಟ್ಟಿಯೂ ಆಯ್ತಾ! ಒಳ್ಳೇದಾಯ್ತು. ಮೇಡಂ, ಇವಳೇ ಮಗಳು. ಹೇಳಮ್ಮ, ಅಮ್ಮ ಏನು ಹೇಳಿದ್ರು?"

ಮಗಳು ಎದ್ದು ನಿಂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಮೇಜು ಹಿಡಿದುಕೊಂಡಳು.

"ಒಂದು ವಾರ ರಜೆ ಬೇಕು ಅಂದಿದ್ರು," ಎಂದಳು. "ಮಲಗೋಕೆ. ನೀವು ಕೊಡ್ಲಿಲ್ಲ."

ಯಜಮಾನ ಡಬ್ಬಿಯ ಮುಚ್ಚಳ ತೆಗೆದ. ತಕ್ಷಣ ಮುಚ್ಚಿದ. ಎರಡನೆಯದನ್ನು ತೆಗೆದ. ಮೂರನೆಯದನ್ನು. ಅವನ ಕಿವಿ ಕೆಂಪಾಗುತ್ತ ಹೋಯಿತು. ಮೇಡಂ ಅವನ ಪಕ್ಕ ಬಗ್ಗಿ ಬಹಳ ಹೊತ್ತು ನೋಡಿದರು. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದರು.

"ಇವು..." ಎಂದರು ಮೆಲ್ಲಗೆ, ಯಾರಿಗಾದರೂ ಎಚ್ಚರವಾದೀತು ಎಂಬಂತೆ. "ಎತ್ತಿ ನಿಲ್ಲಿಸಿದ್ರೆ ಕಣ್ಣು ಬಿಡ್ತವಾ?"

ಬರೆದ ಕಣ್ಣು ತೆರೆಯುವುದಿಲ್ಲವೆಂದು ಯಜಮಾನನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಗೊಂಬೆಯ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿ, ಬೆಳಕಿಗೆ ನೆಟ್ಟಗೆ ಹಿಡಿದ. ಸ್ವಲ್ಪ ಹಿಂದಕ್ಕೆ ಬಾಗಿಸಿದ, ಮತ್ತೆ ನೆಟ್ಟಗೆ ಮಾಡಿದ. ಒಮ್ಮೆ ಅಲ್ಲಾಡಿಸಿದ. ಅದನ್ನು ಕೆಳಗಿಟ್ಟು, ಪಕ್ಕದ ಡಬ್ಬಿಗೆ ಕೈ ಹಾಕಿ, ಇನ್ನೊಂದನ್ನು ಎತ್ತಿದ.