ಇತರೆ ವಾಹನ

ನೋಟೀಸಿನಲ್ಲಿ ಇನ್ನೂರ ಹದಿನಾಲ್ಕು ಎಂಬ ಸಂಖ್ಯೆ ಕಂಡಾಗ ಟಿಕ್ಕಕ್ಕನಿಗೆ ಮೊದಲು ಹೆಮ್ಮೆಯೇ ಆಯಿತು. ಅದು ಅವಳೇ ಎಣಿಸಿದ ಸಂಖ್ಯೆ. ಪೂರ್ತಿ ಓದುವಷ್ಟರಲ್ಲಿ ಹೆಮ್ಮೆ ಇಳಿದು ಪಿತ್ತ ನೆತ್ತಿಗೇರಿತ್ತು.

"ಸದರಿ ಬೀದಿಯ ಎಡಬದಿಯಲ್ಲಿ ದಿನವೊಂದಕ್ಕೆ ಕೇವಲ ಇನ್ನೂರ ಹದಿನಾಲ್ಕು ಪಾದಚಾರಿಗಳು ಸಂಚರಿಸುತ್ತಿರುವುದರಿಂದ ಹನ್ನೆರಡು ಅಡಿಯ ಫುಟ್‌ಪಾತ್ ಅನಗತ್ಯವಾಗಿದ್ದು, ಎಂಟು ಅಡಿಯನ್ನು ವಾಹನ ಸಂಚಾರಕ್ಕೆ ಸೇರಿಸಿಕೊಳ್ಳಲಾಗುವುದು. ಆಕ್ಷೇಪಣೆಗಳಿದ್ದಲ್ಲಿ ಅಂಕಿಅಂಶಗಳೊಂದಿಗೆ ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು."

ನೋಟೀಸು ಅಂಟಿಸಿದ್ದು ಅವಳ ನಾದಿನಿಯ ಹೊಲಿಗೆ ಅಂಗಡಿಯ ಗೋಡೆಗೆ. ಅಂಗಡಿಯ ಎದುರಿಗೇ, ರಸ್ತೆ ಇಲಾಖೆಯವರು ಕಿತ್ತುಕೊಳ್ಳಲಿದ್ದ ಎಂಟು ಅಡಿಯೊಳಗೆ, ಉದ್ದನೆಯ ಕಲ್ಲುಬೆಂಚು. ಬೆಂಚಿನ ಮೇಲೆ ಅವಳ ಗಂಡ ಕೂತಿದ್ದ.

ಟಿಕ್ಕಕ್ಕ ಎನ್ನುವ ಹೆಸರು ಕೆಲಸದಿಂದ ಬಂದದ್ದು. ರಸ್ತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ಎಣಿಸುವ ಕೆಲಸ. ರಸ್ತೆಗೆ ಅಡ್ಡಲಾಗಿ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಅವಳು ಸ್ಟೂಲು ಹಾಕಿಕೊಂಡು, ಎರಡೂ ಕೈಯಲ್ಲಿ ಒತ್ತುವ ಮೀಟರು ಹಿಡಿದು ಕೂರುತ್ತಾಳೆ. ಗೆರೆ ದಾಟಿದ ಪ್ರತಿಯೊಂದಕ್ಕೂ ಒಂದು ಟಿಕ್. ಮಂತ್ರಿಯ ಕಾರಿಗೂ ಒಂದೇ, ಕಸದ ಲಾರಿಗೂ ಒಂದೇ. ಈ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸುಳ್ಳು ಟಿಕ್ ಒತ್ತಿದವಳಲ್ಲ ಎಂಬುದು ಅವಳ ಜಂಬ. ಜಂಬ ಪಡಲು ಬೇರೆ ಹೆಚ್ಚೇನೂ ಇರಲಿಲ್ಲ ಅನ್ನಿ.

ಗಂಡ ಬಸ್ ಕಂಡಕ್ಟರ್ ಆಗಿದ್ದವನು. "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಮೂವತ್ತು ವರ್ಷ ಊರನ್ನೆಲ್ಲ ತಳ್ಳಿದವನಿಗೆ ಪಾರ್ಶ್ವವಾಯು ಹೊಡೆದು, ಬಲಗೈಯೂ ಮಾತೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಬಂದಾಗ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು, "ಕೂತ್ಕೋ". ವೈದ್ಯೆ ಹೇಳಿದ್ದಳು: "ಔಷಧಿಯಿಂದ ಅಷ್ಟಕ್ಕಷ್ಟೇ ಅಮ್ಮ. ಇವರನ್ನ ಜನರ ಮಧ್ಯೆ ಇಡಿ. ಮಾತು ಕೇಳ್ತಾ ಕೇಳ್ತಾನೇ ಮಾತು ಬರಬೇಕು."

ಮನೆಯಲ್ಲಿ ಜನ ಎಲ್ಲಿಂದ ತರುವುದು? ಮೂರನೇ ಮಹಡಿ, ಒಂದು ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ನೀರಿನ ಪೈಪು. ಹಾಗಾಗಿ ಅವಳು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವನನ್ನು ಬೆಂಚಿಗೆ ತಂದು ಕೂರಿಸಿ, ನಾದಿನಿಗೆ ಒಪ್ಪಿಸಿ ಹೋಗುತ್ತಿದ್ದಳು. ಅವನು ಹೋಗುವವರಿಗೆಲ್ಲ "ಕೂತ್ಕೋ" ಎನ್ನುತ್ತಿದ್ದ. ಜನ ನಗುತ್ತಾ ಕೂರುತ್ತಿದ್ದರು. ಬೀಗದ ಕೈ ಮಾಡುವವನ ತಾಯಿ ತನ್ನ ಸೊಸೆಯನ್ನು ಬೈಯಲು ಕೂರುತ್ತಿದ್ದಳು. ಹಸಿರು ಕೊಡೆಯ ನಿವೃತ್ತ ಮೇಷ್ಟರು ಪತ್ರಿಕೆಯನ್ನು ಗಟ್ಟಿಯಾಗಿ ಓದಲು ಕೂರುತ್ತಿದ್ದರು. ಎಂಟು ತಿಂಗಳಲ್ಲಿ ಅವನಿಗೆ ಹತ್ತೊಂಬತ್ತು ಮಾತು ಬಂದವು. ಬಿಸಿಲು, ಬಸ್ಸು, ತಂಗಿ, ಸಾಕು, ಕಳ್ಳ. ಕಳ್ಳ ಎನ್ನುವುದು ಮೇಷ್ಟರ ಪತ್ರಿಕೆಯಿಂದ ಬಂದದ್ದು. ಒಂದೊಂದನ್ನೂ ಟಿಕ್ಕಕ್ಕ ತನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಳು. ಬೆಂಚು ಹೋದರೆ ಇಪ್ಪತ್ತನೆಯ ಮಾತು ಬರುವುದಿಲ್ಲ. ಬಂದವೂ ಉಳಿಯುತ್ತವೆ ಎನ್ನುವಂತಿರಲಿಲ್ಲ.

"ನಿನ್ನ ಕೈಯಾರೆ ಎಣಿಸಿ ಕೊಟ್ಯಲ್ಲ ಅತ್ತಿಗೆ," ಎಂದಳು ನಾದಿನಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ. "ಅಣ್ಣನ್ನ ಎಣಿಸಿದ್ಯಾ? ಆ ಮುದುಕಿನ ಎಣಿಸಿದ್ಯಾ?"

"ಅವರು ಗೆರೆ ದಾಟಲಿಲ್ಲ."

"ದಾಟಲ್ಲ. ಕೂತಿರ್ತಾರೆ. ಕೂತವರು ಮನುಷ್ಯರಲ್ವಾ?"

ಗೆರೆಯಿಂದ ಬೆಂಚಿಗೆ ಇದ್ದದ್ದು ಹತ್ತೇ ಹೆಜ್ಜೆ. ಎಣಿಸಿದ ದಿನ ಮಧ್ಯಾಹ್ನದವರೆಗೂ ಗಂಡ ಟಿಕ್ಕಕ್ಕನ ಕಣ್ಣೆದುರೇ ಇದ್ದ, ಎರಡು ಸಲ ಕೈಬೀಸಿದ್ದ ಕೂಡ. ಅವಳು ಎಣಿಸಿರಲಿಲ್ಲ.

ಮಾರನೇ ದಿನ ಅವಳು ನೇರ ಸಾಹೇಬರ ಕೋಣೆಗೆ ಹೋದಳು. ಸಾಹೇಬರೆಂದರೆ ಯೋಜನಾ ವಿಭಾಗದ ಮುಖ್ಯಸ್ಥರು. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು.

"ಸಾರ್, ಅಲ್ಲಿ ಜನ ಕೂರ್ತಾರೆ. ನಿಂತು ಮಾತಾಡ್ತಾರೆ. ಅದು ಫಾರಮ್ಮಲ್ಲಿ ಬಂದಿಲ್ಲ."

"ಆ ಥರ ಕಾಲಂ ಇಲ್ವಲ್ಲಮ್ಮ." ಸಾಹೇಬರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ರಸ್ತೆ ಇರೋದು ಹೋಗೋಕೆ. ಹೋಗೋರನ್ನ ಎಣಿಸ್ತೀವಿ. ನಿಂತ್ಕೊಂಡೋರು ನಮ್ಮ ಭಾಷೇಲಿ ಅಡಚಣೆ."

"ನನ್ನ ಯಜಮಾನ್ರು ಅಡಚಣೆನಾ ಸಾರ್?"

"ಅಯ್ಯೋ, ವೈಯಕ್ತಿಕವಾಗಿ ತಗೋಬೇಡಿ. ಅಂಕಿ ತನ್ನಿ, ನೋಡೋಣ. ಇಲಾಖೆ ಒಪ್ಪೋ ಫಾರಮ್ಮಲ್ಲಿ ತನ್ನಿ."

ಹೊರಗೆ ಬಂದಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಮನುಷ್ಯ ಮೊಬೈಲು ನೋಡಿಕೊಂಡು ಏಳು ಸೆಕೆಂಡಿನಲ್ಲಿ ಬೀದಿ ಬಿಟ್ಟುಹೋದರೆ ಇಲಾಖೆಗೆ ಅವನು ಒಬ್ಬ. ಇನ್ನೊಬ್ಬ ಅಲ್ಲೇ ಕೂತು ನಾಲ್ಕು ಗಂಟೆ ಕಳೆದು ಒಂದು ಮಾತು ಕಲಿತರೆ ಅವನು ಸೊನ್ನೆ. ಇಂಥ ಲೆಕ್ಕವನ್ನು ಇಪ್ಪತ್ತೆರಡು ವರ್ಷ ಜಂಬದಿಂದ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ನಾದಿನಿಯ ಹತ್ತಿರ ಸುಲಭದ ಉಪಾಯವಿತ್ತು. "ಇನ್ನೊಂದು ಸಲ ಎಣಿಸು. ಬೀದಿಯೋರೆಲ್ಲ ಆ ಗೆರೆ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಆ ಕಡೆ ಈ ಕಡೆ ಓಡಾಡ್ತೀವಿ. ಆಗದಿದ್ರೆ ನೀನೇ ಒಂದಕ್ಕೆ ಎರಡು ಟಿಕ್ ಒತ್ತು. ಯಾರಪ್ಪನ ಗಂಟು ಹೋಗತ್ತೆ?"

"ಸುಳ್ಳು ಲೆಕ್ಕ ನನ್ನ ಕೈಲಾಗಲ್ಲ."

"ನಿಜದ ಲೆಕ್ಕ ಏನು ಮಾಡ್ತು ಅಂತ ಗೋಡೆ ಮೇಲೆ ಅಂಟಿಸಿದ್ದಾರೆ, ಓದ್ಕೋ."

ಎರಡು ದಿನ ಅತ್ತಿಗೆ ನಾದಿನಿಯರ ನಡುವೆ ಮಾತಿಲ್ಲ. ಮೂರನೆಯ ದಿನ ಕಚೇರಿಯಲ್ಲಿ ಬೀರು ಒರೆಸುವಾಗ ಟಿಕ್ಕಕ್ಕನ ಕೈಗೆ ಹಳದಿ ಫಾರಮ್ಮಿನ ಕಟ್ಟು ಸಿಕ್ಕಿತು. ಪಾರ್ಕಿಂಗ್ ಸಮೀಕ್ಷೆ. ಅವಳೇ ಎಷ್ಟೋ ಸಲ ತುಂಬಿದ್ದ ಫಾರಂ. ಕಾಲು ಗಂಟೆಗೊಮ್ಮೆ ಬೀದಿಯುದ್ದ ನಡೆದು, ನಿಂತ ಗಾಡಿಗಳ ನಂಬರು, ಬಂದ ಹೊತ್ತು, ಹೋದ ಹೊತ್ತು ಬರೆಯುವುದು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಾರು ನಿಂತರೆ ಅದಕ್ಕೊಂದು ಫಾರಂ ಇದೆ. ಇಲಾಖೆ ಅದರ ಸುತ್ತ ಕಾಲು ಗಂಟೆಗೊಮ್ಮೆ ಪ್ರದಕ್ಷಿಣೆ ಹಾಕಿ ಕ್ಷೇಮ ವಿಚಾರಿಸುತ್ತದೆ. ಮನುಷ್ಯ ನಿಂತರೆ ಮಾತ್ರ ಅಡಚಣೆ.

"ಹಾಗೋ ನಿಮ್ಮ ಸಮಾಚಾರ," ಎಂದುಕೊಂಡು ಅವಳು ಕಟ್ಟನ್ನು ಚೀಲಕ್ಕೆ ತುರುಕಿದಳು.

ರಜೆ ಹಾಕಿ ಮೂರು ದಿನ ಎಣಿಸಿದಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಕಾಲು ಗಂಟೆಗೊಮ್ಮೆ ಒಂದು ಸುತ್ತು. ವಾಹನದ ಬಗೆ ಎಂಬಲ್ಲಿ ಕಾರು, ದ್ವಿಚಕ್ರ, ಸರಕು ಎಲ್ಲ ಬಿಟ್ಟು "ಇತರೆ" ಎಂದು ಗುರುತು ಹಾಕಿದಳು. ನಂಬರು ಎಂಬಲ್ಲಿ ಕಂಡಕ್ಟರ್, ಬೀಗದವನ ತಾಯಿ, ಹಸಿರು ಕೊಡೆ ಎಂದು ಬರೆದಳು. ಗಂಡನದು ಎಂಟೂಕಾಲಕ್ಕೆ ಬಂದು ಹನ್ನೆರಡೂವರೆಗೆ ಹೋದದ್ದು. ದಿನಕ್ಕೆ ನೂರ ಅರವತ್ತೆಂಟು ಜನ, ಸರಾಸರಿ ನಲವತ್ತು ನಿಮಿಷ. ಒಂದು ಟಿಕ್ ಕೂಡ ಸುಳ್ಳಲ್ಲ. ಪ್ರತಿ ಹಾಳೆಯ ನೆತ್ತಿಯ ಮೇಲೂ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಳು: "ಇವರು ಮನುಷ್ಯರು."

ನಾದಿನಿ ಹಾಳೆ ಓದಿ ಗುಂಡುಸೂಜಿ ಬಾಯಿಂದ ತೆಗೆದಳು. ಮದುವೆಯಾಗಿ ಬಂದಂದಿನಿಂದ ಅತ್ತಿಗೆಗೆ ಅವಳು ಕೊಟ್ಟ ಮೊದಲ ಮರ್ಯಾದೆ ಅದು.

ಆಕ್ಷೇಪಣೆ ಸಲ್ಲಿಸಿ ಹದಿನೆಂಟನೇ ದಿನಕ್ಕೆ ಸಾಹೇಬರೇ ಕರೆಸಿದರು. ಮುಖದಲ್ಲಿ ನಗು. "ನಿಮ್ಮ ಅಂಕಿ ನೋಡಿ ಯೋಜನೇನೇ ಬದಲಾಯಿಸಿದ್ವಿ ಕಣ್ರಮ್ಮ. ಅಲ್ಲಿ ಆ ಹೆಚ್ಚಿನ ಲೇನ್ ಬರಲ್ಲ."

ಟಿಕ್ಕಕ್ಕನಿಗೆ ಕಣ್ಣು ತುಂಬಿ ಬಂತು. ಕೈ ಮುಗಿಯುವವಳಿದ್ದಳು.

"ಇಷ್ಟೊಂದು ಬೇಡಿಕೆ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ. ದಿನಕ್ಕೆ ನೂರ ಅರವತ್ತೆಂಟು ವಾಹನ. ಆ ಎಂಟು ಅಡೀಲಿ ಹನ್ನೆರಡು ಪಾರ್ಕಿಂಗ್ ಜಾಗ ಮಾಡ್ತಿದ್ದೀವಿ."

ಅವಳ ಕೈ ಅರ್ಧಕ್ಕೇ ನಿಂತಿತು. "ಸಾರ್, ಕೆಂಪಕ್ಷರ ಓದಲಿಲ್ವಾ?"

"ಯಾವ ಕೆಂಪಕ್ಷರ?"

ಕಂಪ್ಯೂಟರಿಗೆ ಹಾಕುವವನು ಇತರೆ ಎಂದಿದ್ದದ್ದನ್ನು ಇತರೆ ಎಂದೇ ಹಾಕಿದ್ದ. ಹೊತ್ತನ್ನು ಹೊತ್ತೆಂದೇ ಹಾಕಿದ್ದ. ಅವನದು ಒಂದಕ್ಷರವೂ ತಪ್ಪಿರಲಿಲ್ಲ. ಕೆಂಪು ಶಾಯಿ ತುಂಬುವುದಕ್ಕೆ ಮಾತ್ರ ಅಲ್ಲಿ ಖಾನೆ ಇರಲಿಲ್ಲ. ಅವಳು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು.

"ಅವರು ಜನ ಸಾರ್! ಅದು ನನ್ನ ಗಂಡ!" ಅವಳು ಕೂಗಿದ್ದು ಪಡಸಾಲೆಯವರೆಗೂ ಕೇಳಿಸಿತು.

ಸಾಹೇಬರು ಹಾಳೆ ತರಿಸಿ ನೋಡಿದರು. ಅವರ ಕಿವಿ ಸ್ವಲ್ಪ ಕೆಂಪಾಯಿತು. ಆಮೇಲೆ ಹಾಳೆಯನ್ನು ಬೋರಲು ಹಾಕಿದರು. "ಮೇಲಿನವರ ಮಂಜೂರಾತಿ ಆಗಿಹೋಗಿದೆ. ಈಗ ತಪ್ಪಾಗಿದೆ ಅಂತ ಬರೆದ್ರೆ ಮೊದಲು ನಿಮ್ಮ ತಲೆ ಮೇಲೇ ಬರತ್ತೆ. ತಪ್ಪು ಫಾರಂ ತುಂಬಿದ್ದು ನೀವು. ಸುಮ್ನಿರಿ. ನಾಲ್ಕು ಅಡಿ ಉಳಿಯತ್ತಲ್ಲ, ನಡೆಯೋಕೆ ಸಾಕು."

ಬೆಂಚನ್ನು ಒಂದು ಮಂಗಳವಾರ ಯಂತ್ರದಲ್ಲಿ ಒಡೆದರು. ಕಂಡಕ್ಟರ್ ನಾದಿನಿಯ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ. ಉಳಿದ ನಾಲ್ಕು ಅಡಿಯಲ್ಲಿ ಕುರ್ಚಿ ಹಾಕಿದರೆ ನಡೆಯುವವರಿಗೆ ದಾರಿಯಿಲ್ಲ, ಅಂಗಡಿಯೊಳಗೆ ಹಾಕಿದರೆ ಬಟ್ಟೆ ಇಡಲು ಜಾಗವಿಲ್ಲ. ಅವನು ಮೂರನೇ ಮಹಡಿಗೆ ವಾಪಸಾದ. ಬೀಗದವನ ತಾಯಿಗೆ ಮೆಟ್ಟಿಲು ಹತ್ತಲಾಗದು. ಮೇಷ್ಟರು ಎರಡು ಸಲ ಬಂದರು, ಪೈಪು ನೋಡಿಕೊಂಡು ಪತ್ರಿಕೆ ಓದಲು ಅವರಿಗೂ ಮನಸ್ಸಾಗಲಿಲ್ಲ. ಹದಿನೈದು ದಿನಕ್ಕೆ "ಬಿಸಿಲು" ಹೋಯಿತು. ಆಮೇಲೆ "ತಂಗಿ" ಹೋಯಿತು. ನಾದಿನಿ ಊಟ ತಂದಾಗ ಅವಳ ಮುಖವನ್ನೇ ನೋಡುತ್ತ ತುಟಿ ಆಡಿಸಿದ, ಏನೂ ಬರಲಿಲ್ಲ. ನಾದಿನಿ ಮೆಟ್ಟಿಲ ಮೇಲೆ ಕೂತು ಅತ್ತಳು. ಟಿಕ್ಕಕ್ಕನಿಗೆ ಅಳು ಬರಲಿಲ್ಲ, ಹಲ್ಲು ಕಡಿದುಕೊಂಡಳು. ಪುಸ್ತಕದ ಕೊನೆಯ ಹಾಳೆಯಲ್ಲಿ ಹೋದ ಮಾತುಗಳ ಮೇಲೆ ಗೀಟು ಎಳೆಯಬೇಕೆಂದು ಪೆನ್ನು ತೆಗೆದವಳು ಎಳೆಯಲಿಲ್ಲ.

ಅದಾದ ಮೇಲೊಂದು ಸೋಮವಾರ ಬೀದಿಗೆ ಬಿಳಿ ಬಣ್ಣದ ಗೆರೆಗಳು ಬಂದವು. ಹನ್ನೆರಡು ಚೌಕ, ಒಂದೊಂದಕ್ಕೂ ನಂಬರು. ಮಾರನೇ ಬೆಳಿಗ್ಗೆ ಕಾರುಗಳು ಬರುವ ಮುಂಚೆಯೇ ಟಿಕ್ಕಕ್ಕ ಗಂಡನನ್ನು ಕೈಹಿಡಿದು ಇಳಿಸಿಕೊಂಡು ಬಂದಳು. ಏಳನೇ ಚೌಕದ ನಡುಮಧ್ಯೆ, ಹಿಂದೆ ಬೆಂಚು ಇದ್ದಲ್ಲೇ, ಮನೆಯ ಕುರ್ಚಿ ಹಾಕಿ ಕೂರಿಸಿದಳು. ನಾದಿನಿ ತನ್ನ ಅಂಗಡಿಯ ಮರದ ಬೆಂಚನ್ನು ಎಂಟನೇ ಚೌಕಕ್ಕೆ ಎಳೆದು ತಂದಳು. ಬೀಗದವನು ತನ್ನ ತಾಯಿಗೊಂದು ಸ್ಟೂಲು ತಂದ. ಮೇಷ್ಟರು ಕೊಡೆ ಬಿಚ್ಚಿದರು.

ಒಂಬತ್ತಕ್ಕೆ ಮೊದಲ ಕಾರು ಬಂತು. ಹಾರ್ನು ಹೊಡೆಯಿತು. ಕಂಡಕ್ಟರ್ ಎಡಗೈ ಎತ್ತಿ, "ಕೂತ್ಕೋ," ಎಂದ. ಕಾರಿನವನು ಬಾಯಿಗೆ ಬಂದಂತೆ ಬೈದು ಇಲಾಖೆಗೆ ಫೋನು ಮಾಡಿದ. ಹತ್ತಕ್ಕೆ ಸಾಹೇಬರೇ ಇಬ್ಬರು ಆಳುಗಳೊಂದಿಗೆ ಬಂದಿಳಿದರು.

"ಏನಮ್ಮ ಇದು? ಇದು ವಾಹನದ ಜಾಗ."

ಟಿಕ್ಕಕ್ಕ ಕಚೇರಿಯ ಕಡತದಿಂದ ಮಾಡಿಸಿಕೊಂಡಿದ್ದ ಹಳದಿ ಹಾಳೆಯ ನಕಲು ಬಿಚ್ಚಿದಳು. ಕೆಳಗೆ ಇಲಾಖೆಯ ಮೊಹರು, ಸಾಹೇಬರ ಸಹಿ. "ಇತರೆ ವಾಹನ, ನಂಬರು ಕಂಡಕ್ಟರ್. ನಿಮ್ಮ ಕಂಪ್ಯೂಟರ್ ಒಪ್ಪಿದೆ, ನೀವು ಸಹಿ ಹಾಕಿದೀರಿ. ಇವರನ್ನ ಎಣಿಸಿಯೇ ಈ ಹನ್ನೆರಡು ಜಾಗ ಮಾಡಿದ್ದು. ಇವರು ಬಿಟ್ಟು ಬೇರೆ ಯಾರಿಗೆ ಸಾರ್ ಈ ಜಾಗ? ತಪ್ಪಾಗಿದೆ ಅಂತ ಬರೀರಿ. ನನ್ನ ತಲೆ ಮೇಲೇ ಬರಲಿ. ನನ್ನ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರೂ ಇದೆ."

ಸಾಹೇಬರು ಹಾಳೆಯನ್ನು ನೋಡಿದರು, ಸುತ್ತ ನಿಂತ ಜನರನ್ನು ನೋಡಿದರು. ಆಳುಗಳ ಕಡೆ ತಿರುಗಿ, "ಎಬ್ಬಿಸ್ರೋ ಅವರನ್ನ," ಎಂದರು.

ಆಳುಗಳು ಕುರ್ಚಿಯ ಹತ್ತಿರ ಬಂದರು. ಕಂಡಕ್ಟರ್ ಒಬ್ಬನಾದ ಮೇಲೆ ಒಬ್ಬನನ್ನು ದಿಟ್ಟಿಸಿದ. ಅವನ ಕುತ್ತಿಗೆಯ ನರ ಉಬ್ಬಿತು, ತುಟಿ ಓರೆಯಾಯಿತು. ಬೀದಿಯೆಲ್ಲ ಕಾದಿತ್ತು.

"ಏಳಲ್ಲ," ಎಂದ ಅವನು.

ಆಳುಗಳು ನಿಂತಲ್ಲೇ ನಿಂತರು. ನಾದಿನಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವನು ಮತ್ತೆ ಅಂದ, ಈ ಸಲ ಸಾಹೇಬರ ಮುಖ ನೋಡಿ, ಬಸ್ಸಿನಲ್ಲಿ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ: "ಏಳಲ್ಲ."

ಟಿಕ್ಕಕ್ಕ ಪುಸ್ತಕದ ಕೊನೆಯ ಹಾಳೆಗೆ ಹೋಗಿ ಇಪ್ಪತ್ತು ಎಂದು ಅಂಕಿ ಹಾಕಿ ಆ ಮಾತನ್ನು ಬರೆದಳು. ಆಮೇಲೆ ಹೊಸ ಹಳದಿ ಫಾರಂ ತೆಗೆದು, ಬಂದ ಹೊತ್ತು ಎಂಬಲ್ಲಿ ಎಂಟೂಕಾಲು ಎಂದು ತುಂಬಿ, ಗಡಿಯಾರ ನೋಡಿಕೊಂಡು ಮುಂದಿನ ಸುತ್ತಿಗೆ ಹೊರಟಳು.