ಎಲೆಬಳ್ಳಿ ಇಳಿಸಿದ್ದು

ಜವರಯ್ಯನ ಎಲೆತೋಟಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಹಳೇಬೀಡಿನ ಸುತ್ತ ಬೇರೆಯವರು ಈ ಕಟ್ಟಳೆಯನ್ನು ಎಂದೋ ಗಾಳಿಗೆ ತೂರಿದ್ದರು. ಈ ಮುದುಕ ಮಾತ್ರ ಪಟ್ಟು ಬಿಟ್ಟಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಸೊಸೆ ಹೇಮಾಶ್ರೀ ಬುತ್ತಿಯನ್ನು ಬೇಲಿಯ ಈಚೆಯಿಂದಲೇ ಕೊಟ್ಟು ಬರುತ್ತಿದ್ದಳು.

ಈ ಬೇಸಿಗೆಯಲ್ಲಿ ಅವಳ ಗಂಡ ಸಂತೋಷ ಏಣಿಯಿಂದ ಬಿದ್ದು ಭುಜಕ್ಕೆ ಪಟ್ಟಿ ಹಾಕಿಸಿಕೊಂಡು ಮಲಗಿದ. ಜವರಯ್ಯನಿಗೋ ಮೊಣಕಾಲು ನೋವು, ಏಣಿ ಹತ್ತಲಾರ. ಮಳೆ ಹಿಡಿಯುವ ಮುಂಚೆ ಬಳ್ಳಿ ಇಳಿಸಲೇಬೇಕು. ಆಸರೆಗೆ ನೆಟ್ಟ ಅಗಸೆ ಮರ ಹತ್ತಿದ ವೀಳ್ಯದೆಲೆ ಬಳ್ಳಿಯ ಕಟ್ಟು ಬಿಚ್ಚಿ ಕೆಳಗೆ ತಂದು, ಬುಡದ ಸುತ್ತ ತೋಡಿದ ಗುಂಡಿಯಲ್ಲಿ ಸುರುಳಿ ಸುತ್ತಿ, ಮಣ್ಣು ಗೊಬ್ಬರ ಮುಚ್ಚಿ, ತುದಿಯನ್ನಷ್ಟೇ ಹೊರಗೆ ಬಿಟ್ಟರೆ ಅದು ಹೊಸದಾಗಿ ಹತ್ತುತ್ತದೆ. ಹಾಗೇ ಬಿಟ್ಟರೆ ಎಲೆ ಸಣ್ಣಗಾಗಿ ತೋಟ ಮುದಿಯಾಗುತ್ತದೆ.

"ನಾನು ಇಳಿಸ್ತೀನಿ ಮಾವ" ಎಂದಳು ಹೇಮಾಶ್ರೀ.

ಜವರಯ್ಯ ಎರಡು ದಿನ ಕೂಲಿಯಾಳಿಗಾಗಿ ಊರೆಲ್ಲ ಹುಡುಕಿದ, ಯಾರೂ ಸಿಗಲಿಲ್ಲ. ಮೂರನೇ ದಿನ, "ಚಪ್ಪಲಿ ಬಿಟ್ಟು ಬಾ. ಆದ್ರೆ ಒಂದು ಬಳ್ಳಿ ಮುರಿದ್ರೂ ತೋಟನ ಧರ್ಮೇಶನಿಗೆ ವಾರಕ್ಕೆ ಕೊಟ್ಟುಬಿಡ್ತೀನಿ. ಆಗ್ಲೇ ಕೇಳ್ತಾವ್ನೆ" ಎಂದ.

ಪಕ್ಕದ ಹೊಲದ ಧರ್ಮೇಶನಿಗೆ ವಾರಕ್ಕೆ ಕೊಟ್ಟರೆ ಅರ್ಧ ಫಸಲು ಅವನದು. ಅದು ಹೋಗಲಿ, ಹೆಂಗಸು ಕಾಲಿಟ್ಟಳು, ತೋಟ ಕೈಬಿಟ್ಟಿತು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದನ್ನು ನೆನೆದರೇ ಹೇಮಾಶ್ರೀಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಕೈ ಬಲು ಚುರುಕು. ಮುದ್ದೆಗೆ ಎಸರಿಟ್ಟು, ಅದು ಕುದಿಯುವಷ್ಟರಲ್ಲಿ ಕೊಟ್ಟಿಗೆ ಗುಡಿಸಿ ಬರುವವಳು. ಯಾರ ಮಾತನ್ನೂ ಕೊನೆತನಕ ಕೇಳಿದವಳಲ್ಲ. ಮಾವ "ಬಿಸಿಲೇರ್ಲಿ..." ಎಂದು ಶುರು ಮಾಡುವ ಹೊತ್ತಿಗೆ ಈಕೆ ಏಣಿಯ ಮೇಲಿದ್ದಳು. ಬೆಳಗಿನ ಹೊತ್ತು ಬಳ್ಳಿ ನೀರು ತುಂಬಿಕೊಂಡು ಬಿರುಸಾಗಿರುತ್ತದೆ, ಬಾಗಿಸಿದರೆ ಮುರಿಯುತ್ತದೆ. ಮೊದಲನೆಯದು ಟಕ್ ಎಂದಿತು. ಇದೊಂದು ಹೀಗಾಯಿತೇನೋ ಎಂದು ಇನ್ನೊಂದಕ್ಕೆ ಕೈ ಹಾಕಿದಳು, ಅದೂ ಮುರಿಯಿತು.

ಅವಳು ತಿರುಗಿ ನೋಡಿದಳು. ಮಾವ ತೋಟದ ಬಾಯಲ್ಲಿ ಬೆನ್ನು ಮಾಡಿ ಕೂತಿದ್ದ. ತುಂಡುಗಳನ್ನು ಸೆರಗಿನಲ್ಲಿ ಸುತ್ತಿ ಒಯ್ದು ತಿಪ್ಪೆಯೊಳಗೆ ತುರುಕಿದಳು. ಬುಡಕ್ಕೆ ಮಣ್ಣು ಗುಡ್ಡೆ ಹಾಕಿ, ದೂರದಿಂದ ನೋಡಿದರೆ ಇಳಿಸಿದ ಹಾಗೆ ಕಾಣುವಂತೆ ಮಾಡಿದಳು.

"ಎಷ್ಟಾಯ್ತು?"

"ಎರಡಾಯ್ತು ಮಾವ."

ಆಮೇಲೆ ಅವಳು ಮಧ್ಯಾಹ್ನದವರೆಗೆ ಏಣಿ ಮುಟ್ಟಲಿಲ್ಲ. ಬಿಸಿಲಿಗೆ ಬಳ್ಳಿ ಮೆತ್ತಗಾಗುವ ತನಕ ಕಾಯುವುದು, ಒಂದು ಕಟ್ಟು ಬಿಚ್ಚಿದರೆ ಒಂದು ಕೈ ಕೆಳಗೆ ಆನಿಸುವುದು, ಗೇಣುಗೇಣೇ ಇಳಿಸುವುದು. ಎಂಟು ದಿನದಲ್ಲಿ ಇಪ್ಪತ್ತಾರು ಬಳ್ಳಿ ಇಳಿದವು, ಒಂದೂ ಮುರಿಯಲಿಲ್ಲ. ಮಾವ ಮಾತನಾಡಿದರೆ ಕೆಲಸ ನಿಲ್ಲಿಸಿ ಕೇಳುವುದೂ ಅವಳಿಗೆ ಬಂತು. ಆದರೆ ಆ ಎರಡು ಗುಡ್ಡೆಗಳ ಪಕ್ಕ ಹಾದಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು. ಇಪ್ಪತ್ತು ದಿನಕ್ಕೆ ಚಿಗುರು ಕಾಣದಿದ್ದರೆ ಗುಟ್ಟು ಬಯಲು.

ಕೊನೆಗೆ ಉಳಿದದ್ದು ತೋಟದ ಎಲ್ಲಕ್ಕಿಂತ ಹಳೆಯ ಬಳ್ಳಿ, ಹೆಬ್ಬೆರಳು ದಪ್ಪ. ಅವತ್ತೇ ಮೋಡ ಮುಚ್ಚಿತು. ಬಿಸಿಲಿಲ್ಲ, ಬಳ್ಳಿ ಮೆತ್ತಗಾಗಿಲ್ಲ. ಮಳೆ ಬಂದರೆ ಗುಂಡಿ ಕೆಸರಾಗುತ್ತದೆ. ಉಸಿರು ಬಿಗಿಹಿಡಿದು ಇಳಿಸುತ್ತ ಬಂದಳು. ಎದೆಮಟ್ಟಕ್ಕೆ ಬಂದಾಗ ಕೈಯೊಳಗೇ ಅದು ಟಕ್ ಎಂದಿತು.

ಕೈ ತಾನಾಗಿ ಸೆರಗಿಗೆ ಹೋಯಿತು. ಮಾವ ಬೀಡಿ ಹಚ್ಚುತ್ತಿದ್ದ, ಈ ಕಡೆ ನೋಡಿರಲಿಲ್ಲ. ಎಂಟು ದಿನ ಹೊತ್ತು ತಿರುಗಿದ ಭಯದ ಮೇಲೆ ಇನ್ನೊಂದನ್ನು ಹೊರುವ ಶಕ್ತಿ ಅವಳಿಗಿರಲಿಲ್ಲ.

"ಮಾವ, ಮುರೀತು" ಎಂದಳು. "ಮೊದಲ್ನೇ ದಿನಾನೂ ಎರಡು ಮುರಿದೆ. ತಿಪ್ಪೆಲಿ ಬಚ್ಚಿಟ್ಟೆ."

ಜವರಯ್ಯ ಮೊಣಕಾಲು ಹಿಡಿದುಕೊಂಡು ಸಾಲಿನೊಳಗೆ ಬಂದ. ಬೈಯಲಿಲ್ಲ. ಸೊಂಟದ ಚಾಕು ತೆಗೆದು, ಮುರಿದ ಬಳ್ಳಿಯನ್ನು ಮೂರು ತುಂಡು ಮಾಡಿ ಅವಳ ಕೈಗಿಟ್ಟ.

"ಈಗ್ಲೇ ನೆಡು. ಎರಡು ಗಿಣ್ಣು ಮಣ್ಣೊಳಗೆ ಹೋಗ್ಬೇಕು."

"ಬದುಕ್ತವಾ ಮಾವ?"

"ಹಸಿಯಾಗಿದ್ದಾಗ ನೆಟ್ರೆ ಬದುಕ್ತವೆ. ಅವೆರಡೂ ಬದುಕ್ತಿದ್ವು. ಮುರಿದಿದ್ದಕ್ಕೆ ಸಾಯ್ಲಿಲ್ಲ ಕಣವ್ವ ಅವು, ಬಚ್ಚಿಟ್ಟಿದ್ದಕ್ಕೆ ಸತ್ವು."

ಹೇಮಾಶ್ರೀಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಮೂರನ್ನೂ ನೆಟ್ಟು ಮಣ್ಣು ಅದುಮಿದಳು. "ಹಂಗಾರೆ ತೋಟ ಧರ್ಮೇಶಣ್ಣಂಗೆ..."

ಮುದುಕ ಸಾಲಿನುದ್ದಕ್ಕೂ ನೋಡುತ್ತ ನಿಂತಿದ್ದ. ಬಳ್ಳಿಯಿದ್ದ ಮರಗಳ ನಡುನಡುವೆ ಬಳ್ಳಿಯಿಲ್ಲದ ಅಗಸೆ ಮರಗಳಿದ್ದವು, ಅಲ್ಲೊಂದು, ಇಲ್ಲೆರಡು.

"ಸಂತೋಷ ಹತ್ತು ವರ್ಷದಿಂದ ಇಳಿಸ್ತಾವ್ನೆ. ಒಂದು ದಿನಾನೂ ಮುರೀತು ಅಂತ ಬಾಯಿ ಬಿಟ್ಟಿಲ್ಲ. ಬಳ್ಳಿ ಒಣಗ್ದಾಗ್ಲೆಲ್ಲ ಬೇರು ಹುಳ ಅಂದ, ಕೊಳೆರೋಗ ಅಂದ. ನಾನೇ ಹೆದ್ರಿಸಿ ಹೆದ್ರಿಸಿ ಬಾಯಿ ಮುಚ್ಚಿಸ್ದೆನೋ ಏನೋ." ಮೋಡದತ್ತ ನೋಡಿ, "ಮಳೆ ಬತ್ತದೆ, ಉಳಿದ ಗುಂಡಿ ಬೇಗ ಮುಚ್ಚು. ಇನ್ಮೇಲೆ ತೋಟ ನೀನೇ ನೋಡ್ಕೊ" ಎಂದ.

ಹೇಮಾಶ್ರೀ ತಲೆಯೆತ್ತಿ ಖಾಲಿ ಮರಗಳನ್ನು ಎಣಿಸತೊಡಗಿದಳು. ಹದಿನೇಳಕ್ಕೆ ನಿಲ್ಲಿಸಿದಳು. ಹತ್ತು ವರ್ಷ ಇದನ್ನೆಲ್ಲ ಒಬ್ಬನೇ ಬಚ್ಚಿಟ್ಟುಕೊಂಡ ಗಂಡನ ಮುಖವನ್ನು ಮನೆಗೆ ಹೋಗಿ ಹೇಗೆ ನೋಡುವುದೋ ಅವಳಿಗೆ ತಿಳಿಯಲಿಲ್ಲ.